ಹುಲ್ಲಿಗೆ ಮುಂದೆ, ಮಣ್ಣಿಗೆ ಹಿಂದೆ

ಮಿನಿ ಟ್ರ್ಯಾಕ್ಟರ್ ಓಡಿಸುವವನು ಗದ್ದೆಯಲ್ಲಿ ಮುಂದೆ ನೋಡುವುದು ಕಡಿಮೆ. ಕುಪ್ಪಗಡ್ಡೆಯ ಉಚ್ಚಂಗಪ್ಪನನ್ನು ಕೆಲಸದ ಹೊತ್ತಿನಲ್ಲಿ ಕಂಡವರಿಗೆಲ್ಲ ನೆನಪಿರುವುದು ಒಂದೇ ಭಂಗಿ. ಎಡಗೈ ಸ್ಟೇರಿಂಗಿನ ಮೇಲೆ, ಬಲಗೈ ಹೈಡ್ರಾಲಿಕ್ ಲಿವರಿನ ಮೇಲೆ, ಸೊಂಟದಿಂದ ಮೇಲಿನ ಮೈಯೆಲ್ಲ ಬಲಕ್ಕೆ ತಿರುಚಿ, ಗದ್ದ ಭುಜದ ಆಚೆಗೆ. ಎದುರಿನ ಅಂಚು ಎಷ್ಟು ದೂರ ಉಳಿಯಿತು ಎಂದು ಆಗೀಗ ಒಮ್ಮೆ ಕಣ್ಣು ಹಾಯಿಸಿದರೆ ಮುಗಿಯಿತು. ಉಳಿದ ಹೊತ್ತೆಲ್ಲ ಅವನ ದೃಷ್ಟಿ ಹಿಂದೆ.

ಕಾರಣ ಸರಳ. ಟ್ರ್ಯಾಕ್ಟರಿನ ಕೆಲಸವೆಲ್ಲ ಅದರ ಬೆನ್ನ ಹಿಂದೆ ನಡೆಯುತ್ತದೆ. ಮಣ್ಣು ಕಲಸುವ ರೊಟವೇಟರ್ ಹಿಂದಿನ ಮೂರು ತೋಳುಗಳಿಗೆ ಜೋತುಕೊಂಡಿರುತ್ತದೆ. ಅದು ಬೇಕಾದ್ದಕ್ಕಿಂತ ಆಳಕ್ಕೆ ಇಳಿಯಿತೇ, ಹಳೆಯ ಕೂಳೆ ಅಲಗಿಗೆ ಸುತ್ತಿಕೊಂಡಿತೇ, ಈ ಸುತ್ತಿನ ಪಟ್ಟೆ ಕಳೆದ ಸುತ್ತಿನ ಪಟ್ಟೆಯನ್ನು ಒಂದು ಗೇಣು ಹತ್ತಿಕೊಂಡು ಬರುತ್ತಿದೆಯೇ, ಇಲ್ಲ ನಡುವೆ ಗಟ್ಟಿ ನೆಲ ಉಳಿಯುತ್ತಿದೆಯೇ ಎಂಬುದು ತಿರುಗಿ ನೋಡದೆ ಗೊತ್ತಾಗುವುದಿಲ್ಲ. ಅವನ ಅಪ್ಪ ಎತ್ತು ಕಟ್ಟಿ ಉಳುತ್ತಿದ್ದಾಗ ನೇಗಿಲು ಎತ್ತಿನ ಹಿಂದಿದ್ದರೂ ಮನುಷ್ಯನ ಮುಂದಿತ್ತು. ಆಮೇಲೆ ಬಂದ ಟಿಲ್ಲರಿನಲ್ಲೂ ಹಾಗೇ. ಹಿಡಿಕೆ ಹಿಡಿದು ಹಿಂದೆ ನಡೆಯುವವನಿಗೆ ಅಲಗು ಕಾಲಿನ ಮುಂದೆಯೇ ಕಾಣುತ್ತಿತ್ತು. ಮನುಷ್ಯ ತನ್ನ ಕೆಲಸಕ್ಕಿಂತ ಮುಂದೆ ಹೋಗಿ ಕೂತದ್ದು ಟ್ರ್ಯಾಕ್ಟರ್ ಬಂದ ಮೇಲೆ.

ಆದರೆ ಉಚ್ಚಂಗಪ್ಪ ತಿರುಗಿ ನೋಡುತ್ತಿದ್ದದ್ದು ಅಗತ್ಯಕ್ಕೆ ಮಾತ್ರ ಅಲ್ಲ. ಹಿಂದಿನ ಗಾಲಿ ಒತ್ತಿದ ಗುರುತು ಒಂದು ಮಾರು ಕೂಡ ಉಳಿಯದೆ ಅಲಗಿನಡಿ ಕರಗಿಹೋಗುತ್ತಿತ್ತು. ಮಣ್ಣು ಒಮ್ಮೆ ಎದ್ದು, ಮಗುಚಿ, ಒಳಗಿನ ಕಪ್ಪನ್ನು ತೋರಿಸಿ, ಮತ್ತೆ ನೀರಿನಡಿ ಸೇರುತ್ತಿತ್ತು. ಅದು ಕಾಣುವುದು ಗಾಡಿ ಚಲಿಸುತ್ತಿರುವಷ್ಟು ಹೊತ್ತು ಮಾತ್ರ. ನಿಲ್ಲಿಸಿ, ಇಳಿದು ನೋಡಿದರೆ ಬರೀ ಕಲಕಿದ ನೀರು. ಈ ನೋಟಕ್ಕಾಗಿ ತಾನು ಗದ್ದೆಗೆ ಹೋಗುತ್ತೇನೆ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ಸಂಗತಿ ಅದು ಎಂದು ಅನ್ನಿಸಿದ್ದೂ ಇಲ್ಲ.

ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ ಅವನ ಬಲಗೈ ಬೆರಳುಗಳಿಗೆ ಜೋಮು ಹಿಡಿಯಿತು. ಮೊದಲು ಅಂಗಿಯ ಗುಂಡಿ ಹಾಕಲಾಗಲಿಲ್ಲ, ಆಮೇಲೆ ಊಟದ ತುತ್ತು ಜಾರತೊಡಗಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಚಿತ್ರ ತೆಗೆದು ನೋಡಿದರು. ವರ್ಷಗಟ್ಟಲೆ ಒಂದೇ ಕಡೆಗೆ ತಿರುಚಿ, ಆ ಸ್ಥಿತಿಯಲ್ಲೇ ಗಾಡಿಯ ಕುಲುಕಾಟ ತಿಂದ ಕತ್ತಿನ ಮಣಿಗಳು ಸವೆದು ನರವನ್ನು ಒತ್ತಿದ್ದವು. ಆಪರೇಷನ್ ಆಯಿತು. ಮಣಿಗಳನ್ನು ಲೋಹದ ಪಟ್ಟಿಯಿಂದ ಒಂದಕ್ಕೊಂದು ಬಿಗಿದರು. ಬೆರಳಿಗೆ ಬಲ ಮರಳಿ ಬಂತು, ಕತ್ತು ಮಾತ್ರ ಕಂಬದಂತೆ ನಿಂತಿತು.

"ಟ್ರ್ಯಾಕ್ಟರ್ ಓಡಿಸಬಹುದಾ ಸಾರ್?" ಎಂದು ಮನೆಗೆ ಹೊರಡುವ ದಿನ ಅವನು ಡಾಕ್ಟರನ್ನು ಕೇಳಿದ.

"ಕೆಲವು ತಿಂಗಳು ಬಿಟ್ಟು ನಿಧಾನಕ್ಕೆ ಓಡಿಸಿ. ಮುಂದೆ ನೋಡಿಕೊಂಡು ಓಡಿಸಿ. ಹಿಂದೆ ತಿರುಗಬೇಡಿ. ತಿರುಗ್ತೀನಿ ಅಂದ್ರೂ ಅದು ತಿರುಗಲ್ಲ ಬಿಡಿ."

"ಟಿಲ್ಲರ್ರು?"

"ಆ ನಡುಕ ನೇರ ತೋಳಿಂದ ಕತ್ತಿಗೆ ಬರುತ್ತೆ. ಅದರ ಸುದ್ದಿಯೇ ಬೇಡ."

ಬಸ್ಸಿನಲ್ಲಿ ಹೆಂಡತಿ ಬಂಗಾರಮ್ಮ ಸಮಾಧಾನ ಮಾಡಲು ನೋಡಿದಳು. "ಮುಂದ್ ನೋಡ್ಕಂಡ್ ಓಡ್ಸಿ ಅಂದಾರಲ. ಗೊಬ್ರ ಹೇರದು, ಹುಲ್ಲು ತರದು ಎಲ್ಲ ಆತದೆ."

"ರಸ್ತೆ ಮೇಲೆ ಹೋಗಕೆ ಬೈಕ್ ಇದ್ಯಲೇ," ಎಂದ ಉಚ್ಚಂಗಪ್ಪ. ಕಿಟಕಿಯಾಚೆ ನೋಡಬೇಕಾದರೂ ಅವನು ಸೀಟಿನಲ್ಲಿ ಇಡೀ ಮೈಯನ್ನು ಅಡ್ಡ ಮಾಡಿಕೊಳ್ಳಬೇಕಾಗಿತ್ತು.

ಮುಂಗಾರು ಹತ್ತಿರವಾದಂತೆ ಫೋನು ಬರತೊಡಗಿತು. ಸುತ್ತಲ ರೈತರು ವರ್ಷವೂ ಅವನಿಂದಲೇ ಗದ್ದೆ ಹೊಡೆಸುವವರು. ಆ ಬಾಡಿಗೆಗಳನ್ನೆಲ್ಲ ಅವನು ಉಳವಿಯ ಪ್ರದೀಪನಿಗೆ ಬಿಟ್ಟುಕೊಟ್ಟ. ಪ್ರದೀಪ ಬಂಗಾರಮ್ಮನ ಕಡೆಯ ಸಂಬಂಧಿ, ದೊಡ್ಡ ಟ್ರ್ಯಾಕ್ಟರ್ ಇಟ್ಟಿದ್ದ. ಅಲ್ಲಿಗೆ ಬೇರೆಯವರ ಗದ್ದೆಯ ಲೆಕ್ಕ ಮುಗಿಯಿತು. ಆದರೆ ಕೆರೆಯ ಕೆಳಗೆ ತನ್ನದೇ ಗದ್ದೆಯಿತ್ತು. ಅದನ್ನಾದರೂ ಈ ವರ್ಷ ತಾನೇ ಹೊಡೆಯಬೇಕು ಎಂದು ಅವನು ನಿರ್ಧರಿಸಿಕೊಂಡಿದ್ದ. ಬಂಗಾರಮ್ಮ ಅದಕ್ಕೂ ಪ್ರದೀಪನಿಗೆ ಹೇಳಿಬಿಟ್ಟಿದ್ದಾಳೆ ಎಂದು ತಿಳಿದಾಗ ಅವನು ಜಗಳವಾಡಲಿಲ್ಲ. ಸೊರಬಕ್ಕೆ ಹೋಗಿ ಲಾರಿಗೆ ಹಾಕುವ ದೊಡ್ಡ ಕನ್ನಡಿ ತಂದು ಮಡ್ಗಾರ್ಡಿಗೆ ಬಿಗಿದ.

ಕನ್ನಡಿಯನ್ನು ಪರೀಕ್ಷಿಸಿದ್ದು ಮನೆಯ ಹಿಂದಿನ ಸಣ್ಣ ಮಡಿಯಲ್ಲಿ. ಎಂಜಿನ್ ಶುರುವಾದದ್ದೇ ಕನ್ನಡಿಯೊಳಗಿನ ರೊಟವೇಟರ್ ಒಂದಕ್ಕೆ ನಾಲ್ಕಾಗಿ ನಡುಗಿತು. ಗಾಡಿ ಹತ್ತು ಮಾರು ಹೋಗುವುದರೊಳಗೆ ಗಾಲಿ ಎರಚಿದ ಕೆಸರು ಕನ್ನಡಿಯನ್ನು ಪೂರ್ತಿ ಮುಚ್ಚಿತು. ಬಂಗಾರಮ್ಮ ಸೆರಗಿನಿಂದ ಒರೆಸಿದಳು. ಮತ್ತೆ ಹತ್ತು ಮಾರು, ಮತ್ತೆ ಕೆಸರು.

ನೆಟ್ಟಿಯ ಹೆಂಗಸರ ಗುಂಪನ್ನು ಕಟ್ಟಿಕೊಂಡು ಬರುವ ತಿಮ್ಮಮ್ಮ ದಾರಿಯಲ್ಲಿ ನಿಂತು ನೋಡುತ್ತಿದ್ದಳು. ಉಚ್ಚಂಗಪ್ಪನಿಗಿಂತ ಹಿರಿಯಳು, ಬಾಯಿ ಸ್ವಲ್ಪ ಚುರುಕು. "ಏನ ತಮ್ಮಾ, ಗದ್ದೆಗೆ ಹೋಗಕ್ ಮುಂಚೆ ಮುಖಕ್ಕೆ ಪೌಡರ್ ಹಚ್ಕಳಕೆ ಹಾಕ್ಸೀಯನ ಕನ್ನಡಿ?"

"ನೀ ನೋಡ್ಕಳಕೆ ಹಾಕ್ಸೀನಿ ತಿಮ್ಮಕ್ಕ, ಬಾ," ಎಂದ ಅವನು. ಸಂಜೆ ಕನ್ನಡಿ ಬಿಚ್ಚಿ ಅಟ್ಟಕ್ಕೆ ಹಾಕಿದ.

ಮುಂದೆ ನೋಡಿಕೊಂಡು ಓಡಿಸಿ ಎಂಬ ಡಾಕ್ಟರ ಮಾತು ಅವನ ತಲೆಯಲ್ಲಿ ಬೇರೆಯೇ ಅರ್ಥ ಪಡೆಯಿತು. ಮುಂದೆ ನೋಡಿಕೊಂಡು ಓಡಿಸಬೇಕಾದರೆ ಕೆಲಸವೂ ಮುಂದೆ ಇರಬೇಕು. ಮಾರನೆಯ ದಿನವೇ ಶಿಕಾರಿಪುರದ ಬಸ್ಸು ಹತ್ತಿದ.

ಶಿಕಾರಿಪುರದಲ್ಲಿ ಅಜಮತ್ ಉಲ್ಲಾನ ವೆಲ್ಡಿಂಗ್ ಅಂಗಡಿ ಮನೆಯ ಮುಂಭಾಗದಲ್ಲೇ ಇದೆ. ಮಿನಿ ಟ್ರ್ಯಾಕ್ಟರಿಗೆ ಬೇಕಾದ ಹಲಗೆ, ಟ್ರೇಲರ್, ಗುಂಡಿ ತೋಡುವ ಬೈರಿಗೆ ಎಲ್ಲ ಅವನು ಮಾಡಿಕೊಡುತ್ತಾನೆ. ಉಚ್ಚಂಗಪ್ಪನ ಗಾಡಿಗೆ ಹಿಂದೆ ಜೋತುಕೊಂಡಿರುವ ಸಾಮಾನಿನಲ್ಲಿ ಅರ್ಧಕ್ಕರ್ಧ ಅವನ ಕೈಯಿಂದ ಬಂದದ್ದು.

"ಬರ್ರಿ ಉಚ್ಚಂಗಪ್ಪಣ್ಣಾ. ಏನಿದು, ಬಾಸಿಂಗ ಕಟ್ಟಿದ ಮದುಮಗನಂಗೆ ಕತ್ತು ನೆಟ್ಟಗೆ ಇಟ್ಕೊಂಡು ಬರಾಕ್ ಹತ್ತೀರಲ್ಲ?"

"ಈ ವಯಸ್ಸಲ್ಲಿ ಇನ್ಯಾರ್ ಕೊಡ್ತಾರ್ ಸಾಬ್ರೆ ಹೆಣ್ಣು." ಉಚ್ಚಂಗಪ್ಪ ಸ್ಟೂಲಿನ ಮೇಲೆ ಕೂತು ಆಪರೇಷನ್ನಿನ ಕತೆ ಹೇಳಿದ. ಅಜಮತ್ ಉಲ್ಲಾ ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ಕೇಳುತ್ತಿದ್ದ. ಒಳಗಿನಿಂದ ಚಹ ತಂದ ಅವನ ಹೆಂಡತಿ ಇಮಾಂಬೀ ಲೋಟ ಕೊಟ್ಟು, ನೆಲದ ಮೇಲಿದ್ದ ಹೊಸ ಬೆಸುಗೆಯ ತುಂಡೊಂದನ್ನು ಎತ್ತಿ, ಬೆಳಕಿಗೆ ಹಿಡಿದು, ಮಗುಚಿ ನೋಡಿದಳು. "ಈ ಮೂಲೆ ತುಂಬಿಲ್ಲ ನೋಡ್ರಿ," ಎಂದು ಗಂಡನ ಮುಂದಿಟ್ಟು ಒಳಗೆ ಹೋದಳು. ಅವನು ಆ ತುಂಡನ್ನು ಪಕ್ಕಕ್ಕಿಟ್ಟ.

"ಈಗ ಏನಾಗ್ಬೇಕು ಹೇಳ್ರಿ," ಎಂದ.

"ರೊಟವೇಟರ್ರು ಹಿಂದೆ ಇದ್ಯಲ, ಅದನ್ನ ಮುಂದಕ್ಕೆ ತರ್ಬೇಕು."

ಅಜಮತ್ ಉಲ್ಲಾ ನಗಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಗಾಡಿಯ ನಾಲ್ಕು ಗಾಲಿ ಬರೆದ, ಹಿಂದೆ ಒಂದು ಅಡ್ಡಗೆರೆ ಎಳೆದ. "ಈಗ ಗಾಲಿ ಮೊದಲು ತುಳೀತೈತೆ. ಅಲಗು ಹಿಂದಿಂದ ಬಂದು ಆ ತುಳಿತ ಅಳಸ್ತೈತೆ. ಹೌದಾ? ಈಗ ನೀವು ಹೇಳಿದಂಗೆ ಮಾಡಾಣ." ಹಿಂದಿನ ಗೆರೆ ಅಳಿಸಿ ಮುಂದೆ ಎಳೆದ. "ಅಲಗು ಮೊದಲು ಕಲಸ್ತೈತೆ. ಗಾಲಿ ಆಮೇಲೆ ಅದರ ಮೇಲೆ ಹೋಗ್ತೈತೆ. ರೊಟ್ಟಿ ಚೆನ್ನಾಗಿ ತಟ್ಟಿ, ಅದರ ಮೇಲೆ ಕಾಲಿಟ್ಟಂಗೆ."

"ಅದು ನಂಗೂ ಗೊತ್ತು ಸಾಬ್ರೆ."

"ಗೊತ್ತಿದ್ದೂ ಬಂದೀರಲ್ಲ."

"ಕತ್ತು ತಿರುಗಲ್ಲ."

ಅಜಮತ್ ಉಲ್ಲಾ ಮುಂದಿನ ಗೆರೆಯನ್ನು ಅಂಗೈಯಿಂದ ಅಳಿಸಿದ. ಆಮೇಲೆ ದನಿ ತಗ್ಗಿಸಿ ಹೇಳಿದ. "ಹುಲ್ಲಿನ ಕಟರ್ ಆದ್ರೆ ಇವತ್ತೇ ಮುಂದೆ ಹಾಕ್ಕೊಡ್ತೀನಿ. ಹುಲ್ಲಿಗೆ ಗಾಲಿ ಮೊದಲು ಹೋಗಲೇಬಾರದು. ತುಳಿದ ಹುಲ್ಲು ಮಲಗಿಬಿಡ್ತೈತೆ, ಹಿಂದಿರೋ ಕಟರ್ ಅದರ ಮೇಲೆ ಸವರಿ ಹೋಗ್ತೈತೆ, ಎರಡು ದಿನಕ್ಕೆ ಮತ್ತೆ ಎದ್ದು ನಿಲ್ತೈತೆ. ಹುಲ್ಲಿಗೆ ಮುಂದೆ, ಮಣ್ಣಿಗೆ ಹಿಂದೆ. ಇದನ್ನ ನಾನ್ ಮಾಡಿದ್ದಲ್ಲ ಅಣ್ಣಾ, ಹುಲ್ಲೂ ಮಣ್ಣೂ ಮಾಡ್ಕೊಂಡಿರೋದು."

"ಕೆಸರು ಗದ್ದೆ?"

"ಮಿನಿ ಗಾಡಿ ಮುಂದಿನ ಆಕ್ಸಲ್ ಹಗುರ. ಕಟರ್ ತೂಕ ತಾಳ್ತೈತೆ, ಹಿಂದೆ ಒಂದು ಸಿಮೆಂಟ್ ಡಬ್ಬಿ ಕಟ್ಟಿದ್ರೆ ಸಮ ಆಗ್ತೈತೆ. ಕೆಸರಾಗೆ ರೊಟವೇಟರ್ ತೂಕ ಮುಂದೆ ಬಿದ್ರೆ ಮೂತಿ ಹೂತು ಹೋಗ್ತೈತೆ. ಸ್ಟೇರಿಂಗ್ ತಿರುಗ್ಸಾಕ್ ಹೋದ್ರೆ ಇನ್ನೊಂದು ಆಪರೇಷನ್."

ಉಚ್ಚಂಗಪ್ಪ ಹುಲ್ಲಿನ ಕಟರಿಗೇ ಒಪ್ಪಿಕೊಂಡ. ಗೂಡ್ಸ್ ಗಾಡಿಯಲ್ಲಿ ಹೇರಿಕೊಂಡು ಬಂದ ಟ್ರ್ಯಾಕ್ಟರಿಗೆ ಅಜಮತ್ ಉಲ್ಲಾ ಮುಂದಿನ ಬಂಪರ್ ಬಿಚ್ಚಿ ಗಟ್ಟಿ ಚೌಕಟ್ಟು ಕೂರಿಸಿದ. ಎಂಜಿನ್ನಿನ ಮುಂದಿನ ಪುಲ್ಲಿಯಿಂದ ಬೆಲ್ಟಿನಲ್ಲಿ ಶಕ್ತಿ ತಂದ. ಹೈಡ್ರಾಲಿಕ್ ಹಿಂದಕ್ಕೆ ಮಾತ್ರ ಇರುವುದರಿಂದ ಮುಂದಿನದನ್ನು ಎತ್ತಲು ಸ್ಪ್ರಿಂಗು ಹಾಕಿದ ಉದ್ದನೆಯ ಸನ್ನೆಕೋಲು ಕೊಟ್ಟ. ಬೆಸುಗೆಯ ಮೂಲೆಗಳನ್ನು ಇಮಾಂಬೀ ಒಂದೊಂದಾಗಿ ನೋಡಿ ತಲೆಯಾಡಿಸಿದ ಮೇಲೆಯೇ ಬಣ್ಣ ಬಳಿದದ್ದು.

ಕಟರ್ ಚೆನ್ನಾಗಿ ನಡೆಯಿತು. ಮೊದಲು ಉಳವಿಯ ರಾಜೇಶ್ವರಮ್ಮನವರ ತೋಟಕ್ಕೆ ಹೋದ. ಕತ್ತಿಗೆ ಒಂದಿಷ್ಟೂ ನೋವಿಲ್ಲ. ಬೆನ್ನು ನೇರ, ಕಣ್ಣು ನೇರ; ಮರದ ಬುಡ ಬಂದರೆ ಮೊದಲೇ ಕಾಣುತ್ತದೆ, ನೀರಿನ ಪೈಪು ಕಾಣುತ್ತದೆ. ಸೊಂಟದೆತ್ತರದ ಹುಲ್ಲು ಎದುರಿಗೆ ಬಂದು, ಬಗ್ಗಿ, ಕಟರಿನಡಿ ಮಾಯವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ರಾಜೇಶ್ವರಮ್ಮ ಮಜ್ಜಿಗೆ ತಂದು, "ಚಾಪೆ ಹಾಸಿದಂಗೆ ಆಗ್ಯದೆ ನೋಡಿ ಉಚ್ಚಂಗಪ್ಪಾರೆ, ಬರಿಗಾಲಲ್ಲಿ ಓಡಾಡಬೋದು," ಎಂದರು. ಅವನು ಹೌದು ಎಂದ. ಅವನು ಅದನ್ನು ನೋಡಿರಲಿಲ್ಲ. ಬೆಳಗಿನಿಂದ ಅವನ ಕಣ್ಣಿಗೆ ಬಿದ್ದದ್ದೆಲ್ಲ ಇನ್ನೂ ಮಾಡದ ಕೆಲಸ. ಮಾಡಿ ಮುಗಿಸಿದ್ದು ಬೆನ್ನ ಹಿಂದೆ ಉಳಿಯುತ್ತ ಹೋಗಿತ್ತು.

ತೋಟದಿಂದ ತೋಟಕ್ಕೆ ಕರೆ ಬಂತು. ಬಂಗಾರಮ್ಮನಿಗೆ ನೆಮ್ಮದಿ. ಆದರೆ ಕೆರೆಯ ಕೆಳಗೆ ಗದ್ದೆಗಳಿಗೆ ನೀರು ನಿಲ್ಲಲಾರಂಭಿಸಿದ ಮೇಲೆ ಉಚ್ಚಂಗಪ್ಪ ತೋಟದ ಕೆಲಸ ಮುಗಿಸಿ ಬರುವಾಗ ಸುತ್ತು ಹಾಕಿ ಆ ದಾರಿಯಿಂದಲೇ ಬರತೊಡಗಿದ. ಬೇರೆಯವರ ಗದ್ದೆಯಲ್ಲಿ ಪ್ರದೀಪನ ದೊಡ್ಡ ಟ್ರ್ಯಾಕ್ಟರ್ ಓಡುತ್ತಿದ್ದರೆ ಅಂಚಿನ ಮೇಲೆ ನಿಲ್ಲುತ್ತಿದ್ದ. ಪ್ರದೀಪ ತಿರುಗಿ, ಹಿಂದೆ ನೋಡಿಕೊಂಡು ಓಡಿಸುತ್ತಿದ್ದ. ಅವನು ಏನು ನೋಡುತ್ತಿದ್ದಾನೆ ಎಂಬುದು ಅಂಚಿನಿಂದ ಸರಿಯಾಗಿ ಕಾಣುತ್ತಿರಲಿಲ್ಲ. ಆ ನೋಟ ಸಿಗುವುದು ಸೀಟಿನಿಂದ ಮಾತ್ರ.

ಕೊಟ್ಟಿಗೆಯಲ್ಲಿ ಹಳೆಯ ಟಿಲ್ಲರ್ ಬಿದ್ದಿತ್ತು. ಅದರ ಅಲಗಿನ ಉರುಳೆ ಇನ್ನೂ ಗಟ್ಟಿಯಾಗಿತ್ತು, ರೊಟವೇಟರಿನಷ್ಟು ಭಾರವೂ ಇರಲಿಲ್ಲ. ಒಂದು ಸಂಜೆ ಅವನು ಟೇಪು ಹಿಡಿದು ಅದರ ಅಗಲ ಅಳೆದ. ಅಜಮತ್ ಉಲ್ಲಾನ ಚೌಕಟ್ಟಿಗೆ ಅದು ಕೂರುತ್ತಿತ್ತು, ಎರಡು ಪಟ್ಟಿಗಳಿಗೆ ಬೇರೆ ತೂತು ಹೊಡೆದರೆ ಸಾಕು. ತೂತು ಹೊಡೆಸಲು ಶಿಕಾರಿಪುರಕ್ಕೆ ಹೋಗಲಿಲ್ಲ. ಸೊರಬದಲ್ಲಿ ಏನು ಎತ್ತ ಎಂದು ಕೇಳದ ಒಂದು ಅಂಗಡಿಯಲ್ಲಿ ಹೊಡೆಸಿಕೊಂಡು ಬಂದ.

"ಎಂತ ಅದು?" ಎಂದು ಬಂಗಾರಮ್ಮ ಕೇಳಿದಳು.

"ನಮ್ ಗದ್ದೆಗೆ."

"ಪ್ರದೀಪ ನಾಡಿದ್ದು ಬತ್ತೀನಿ ಅಂದಾನೆ."

"ಬರ್ಲಿ. ಊಟ ಮಾಡ್ಕಂಡ್ ಹೋಗ್ಲಿ."

ಮಾರನೆಯ ಬೆಳಿಗ್ಗೆ ಗದ್ದೆಗಿಳಿದ. ಸನ್ನೆಕೋಲು ಇಳಿಸಿ ಗಾಡಿಯನ್ನು ಮುಂದೆ ಬಿಟ್ಟ. ಎಂಜಿನ್ನಿನ ಮೂತಿಯ ಆಚೆ, ಅವನ ಎದುರಿಗೇ, ಮಣ್ಣು ಎದ್ದಿತು. ಆಪರೇಷನ್ನಿನ ನಂತರ ಮೊದಲ ಸಲ. ಎದ್ದು, ಮಗುಚಿ, ಕಪ್ಪು ತೋರಿಸಿ, ನೀರಿಗೆ ಸೇರಿತು. ಅವನು ಬಾಯಿ ಸ್ವಲ್ಪ ತೆರೆದು, ಕಣ್ಣು ಕೀಲಿಸಿ, ನೇರ ಕೂತು ಓಡಿಸಿದ. ಸ್ಟೇರಿಂಗ್ ಭಾರವಾಗಿತ್ತು. ಬೆಲ್ಟು ಒದ್ದೆಯಾಗಿ ಆಗಾಗ ಕೀರಲು ಸದ್ದು ಮಾಡುತ್ತಿತ್ತು. ಮುಂದಿನ ಗಾಲಿಗಳು ಆಳಕ್ಕಿಳಿಯುತ್ತಿವೆ ಎಂಬುದು ಕೂತಲ್ಲೇ ತಿಳಿಯುತ್ತಿತ್ತು. ಅವನು ಅದ್ಯಾವುದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎದುರಿನ ಅಂಚಿಗೆ ಹೋಗಿ, ತಿರುಗಿಸಿ, ಪಕ್ಕದ ಪಟ್ಟೆ ಹಿಡಿದು ಬಂದ.

ಬಂಗಾರಮ್ಮ ಅಂಚಿನ ಮೇಲೆ ನಿಂತಿದ್ದಳು. ಗಾಡಿಯ ಹಿಂದೆ ಏನಾಗುತ್ತಿದೆ ಎಂಬುದು ಅವಳಿಗೆ ಮೊದಲ ಸುತ್ತಿನಲ್ಲೇ ಕಂಡಿತ್ತು. ಕೂಗಿ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗಾಡಿ ಅವಳ ಕಡೆಗೆ ಬಂತು, ಗಂಡನ ಮುಖ ಕಾಣಿಸಿತು. ಅವಳು ಸುಮ್ಮನಾದಳು. ಎರಡನೆಯ ಸುತ್ತಿಗೂ ಸುಮ್ಮನಿದ್ದಳು.

ಸಸಿಮಡಿ ನೋಡಲು ಬಂದ ತಿಮ್ಮಮ್ಮನಿಗೆ ಅಂಥ ದಾಕ್ಷಿಣ್ಯ ಇರಲಿಲ್ಲ. "ಓ ತಮ್ಮಾ, ನಿಲ್ಸಾ. ಎಂತ ಮಾಡ್ತಿದೀಯ ಗದ್ದೆನಾ? ಬಸ್ ಬಿಡಕೆ ರಸ್ತೆ ಮಾಡ್ತಿದೀಯನಾ?"

ಉಚ್ಚಂಗಪ್ಪ ಎಂಜಿನ್ ನಿಲ್ಲಿಸಿ ಕೆಸರಿಗಿಳಿದ. ಇಡೀ ಮೈಯನ್ನು ತಿರುಗಿಸಿ ನಿಂತ. ಗದ್ದೆಯ ಉದ್ದಕ್ಕೂ ಜೋಡಿ ಜೋಡಿಯಾಗಿ ಮೊಣಕಾಲು ಮುಳುಗುವಷ್ಟು ಆಳದ ಕಾಲುವೆಗಳು. ಅವುಗಳ ತಳದಲ್ಲಿ ಗಾಲಿ ಒತ್ತಿದ ಮಣ್ಣು ಬಿಲ್ಲೆ ಬಿಲ್ಲೆಯಾಗಿ ಗಟ್ಟಿಯಾಗಿತ್ತು. ನಡುವಿನ ದಿಬ್ಬ ನೀರಿನಿಂದ ಮೇಲೆದ್ದಿತ್ತು.

"ಈ ಹೊಂಡದಲ್ಲಿ ನಟ್ಟರೆ ಸಸಿ ಮುಳುಗ್ತದೆ, ಆ ದಿಬ್ಬದ ಮೇಲೆ ನಟ್ಟರೆ ಒಣಗ್ತದೆ," ಎಂದಳು ತಿಮ್ಮಮ್ಮ. "ನಮ್ಮ ಹೆಂಗಸ್ರು ಇದಕ್ಕೆ ಇಳಿಯಲ್ಲ ಈಗಲೇ ಹೇಳಿದೀನಿ. ಕಾಲ್ ಮುರ್ಕಂಡ್ರೆ ನೀ ಬಂದು ನಮ್ಮನೇಲಿ ಅಡಿಗೆ ಮಾಡ್ತೀಯನಾ?"

ಉಚ್ಚಂಗಪ್ಪ ಬಂಗಾರಮ್ಮನ ಕಡೆ ತಿರುಗಿದ. "ನಿಂಗೆ ಕಾಣ್ತಿತ್ತಾ?"

"ಕಾಣ್ತಿತ್ತು."

"ಹೇಳಬಾರದಾಗಿತ್ತಾ?"

"ಹೇಳಬೇಕು ಅಂತಾನೇ ನಿಂತಿದ್ದೆ," ಎಂದಳು ಅವಳು.

ಮಧ್ಯಾಹ್ನ ಊಟ ಬಿಟ್ಟು ಕಟ್ಟೆಯ ಮೇಲೆ ಕೂತು ಅವನು ಅಜಮತ್ ಉಲ್ಲಾನಿಗೆ ಫೋನು ಮಾಡಿದ. "ಸಾಬ್ರೆ, ನೀವ್ ಹೇಳ್ದಂಗೇ ಆತು."

"ಏನ್ ಹೇಳಿದ್ದೆ ನಾನು?"

"ರೊಟ್ಟಿ."

ಆ ಕಡೆ ಗ್ರೈಂಡರಿನ ಸದ್ದು ನಿಂತಿತು. "ಹಾಕಿಬಿಟ್ರಾ? ನಿಮಗ್ ನಾನು ಬೈಬೇಕು. ಆದ್ರೆ ನನ್ಗೂ ಅರ್ಥ ಆಗ್ತೈತೆ ಅಣ್ಣಾ. ನನ್ನ ಕಣ್ಣು ಮಂಜಾಗಿ ಮೂರನೇ ವರ್ಷ. ಬೆಸುಗೆ ಮಾಡಾಕ್ ಬರ್ತೈತೆ, ತುಂಬೈತೋ ಇಲ್ಲೋ ಕಾಣಲ್ಲ. ಇಮಾಂಬೀ ನೋಡಿ ಹೇಳ್ತಾಳೆ. ಮೊದಮೊದಲು ಅಕಿ ಹೇಳಿದ್ದು ನಂಬ್ತಿರಲಿಲ್ಲ, ಬೆರಳಿಟ್ಟು ಮುಟ್ಟಿ ನೋಡಿ ಸುಟ್ಕೊಂಡೀನಿ."

"ಈಗ ನಂಬ್ತೀರಾ?"

"ಈಗ ಅಕಿ ಇಲ್ದಾಗ ಕೆಲಸಾನೇ ಮಾಡಲ್ಲ. ಆ ಉರುಳೆ ಬಿಚ್ಚಿ ಒಗೀರಿ. ಹಿಂದಿಂದು ಹಿಂದೇನೇ ಕಟ್ರಿ. ನೋಡಾಕ್ ಒಬ್ಬರನ್ನ ನಿಲ್ಲಿಸ್ಕೊಳ್ರಿ."

ಉಚ್ಚಂಗಪ್ಪ ಫೋನಿಟ್ಟ. ನೋಡುವುದಕ್ಕೆ ಇನ್ನೊಬ್ಬರು ಸಿಗಬಹುದು. ಆದರೆ ಅವರು ನೋಡಿದ್ದು ತನಗೆ ಕಂಡಂತೆ ಆಗುವುದೇ? ಆಗದಿದ್ದರೂ ಗದ್ದೆ ತನ್ನ ಕೈಯಿಂದ ಆಗಬೇಕು. ಎದ್ದು ಪ್ರದೀಪನಿಗೆ ಫೋನು ಮಾಡಿ, ನಾಳೆ ಬರುವುದು ಬೇಡ ಎಂದ.

"ಯಾಕ್ ಮಾವ, ಬೇರೆ ಯಾರಾರು ಸಿಕ್ರಾ?"

"ಹೂಂ. ನಿಮ್ಮತ್ತೆ."

ಉರುಳೆ ಬಿಚ್ಚಿಹಾಕಿ, ರೊಟವೇಟರನ್ನು ಮತ್ತೆ ಹಿಂದಕ್ಕೆ ಕಟ್ಟಿದ. ಆದರೆ ಒಬ್ಬಳು ಸಾಲುವುದಿಲ್ಲ ಎಂಬುದು ಗದ್ದೆಗಿಳಿದ ಮೇಲೆ ತಿಳಿಯಿತು. ಗಾಡಿ ಬಂಗಾರಮ್ಮನ ಕಡೆಗೆ ಬರುವಾಗ ಅವಳ ಕೈಸನ್ನೆ ಕಾಣುತ್ತಿತ್ತು. ಅವಳಿಂದ ದೂರ ಹೋಗುವಾಗ ಅವಳು ಅವನ ಬೆನ್ನ ಹಿಂದೆ. ಎಂಜಿನ್ನಿನ ಸದ್ದಿನಲ್ಲಿ ಕೂಗು ಕೇಳುವುದಿಲ್ಲ. ಆಚೆಯ ಅಂಚಿಗೂ ಒಬ್ಬರು ಬೇಕಾಯಿತು. ತಿಮ್ಮಮ್ಮ ಬೈದುಕೊಂಡೇ ಬಂದು ನಿಂತಳು.

ಅಂಚಿನ ಮೇಲೆ ಸ್ವಲ್ಪ ಓರೆಗೆ ನಿಂತರೆ ಗಾಡಿಯ ಮಗ್ಗುಲಿನಿಂದ ಹಿಂದಿನ ಪಟ್ಟೆ ಕಾಣುತ್ತಿತ್ತು. ಎರಡೂ ಕೈ ಎತ್ತಿದರೆ ರೊಟವೇಟರ್ ಎತ್ತಬೇಕು, ಅಂಗೈ ಕೆಳಗೆ ಒತ್ತಿದರೆ ಇಳಿಸಬೇಕು, ಒಂದು ಕೈ ಪಕ್ಕಕ್ಕೆ ಚಾಚಿದರೆ ಆ ಕಡೆ ಸರಿಯಬೇಕು. ಹೀಗೆ ಮಾತಾಗಿತ್ತು. ತಿಮ್ಮಮ್ಮ ಬಲಗೈ ಚಾಚಿದಳು, ಅವನು ಬಲಕ್ಕೆ ಸರಿದ. ಎದುರುಬದುರು ನಿಂತವರ ಬಲ ಬೇರೆ ಬೇರೆ ಎಂಬುದು ಇಬ್ಬರಿಗೂ ಹೊಳೆಯುವ ಹೊತ್ತಿಗೆ ನಡುವೆ ಎರಡು ಮೊಳ ಗಟ್ಟಿ ನೆಲ ಉಳಿದಿತ್ತು.

"ನಿನ್ ಬಲನ ನನ್ ಬಲನ ಮೊದ್ಲೇ ಹೇಳಬೇಕ ಬ್ಯಾಡನಾ ತಿಮ್ಮಕ್ಕ?"

"ನಾ ಕೈ ಚಾಚಿದ್ದು ಕೆರೆ ಕಡೆಗೆ. ಕೆರೆ ನಿಂಗ್ ಒಂದ್ ಕಡೆ ನಂಗ್ ಒಂದ್ ಕಡೆ ಇದ್ಯನ? ಎಡ ಬಲ ಅಂತ ಲೆಕ್ಕ ಹಾಕಕೆ ನಾ ಎಂತ ಪೊಲೀಸಾ?"

ಅಂದಿನಿಂದ ಎಡಬಲ ಹೋಯಿತು. ಕೆರೆ ಕಡೆ, ರಸ್ತೆ ಕಡೆ ಅಷ್ಟೇ. ಆಮೇಲೆ ಪಟ್ಟೆಗಳು ಒಂದರ ಮೈಗೆ ಒಂದು ಹತ್ತಿಕೊಂಡು ಬರತೊಡಗಿದವು. ಕೆಲಸ ನಿಧಾನ. ಮೊದಲು ಅರ್ಧ ದಿನದಲ್ಲಿ ಮುಗಿಯುತ್ತಿದ್ದ ಗದ್ದೆಗೆ ಮರುದಿನವೂ ಬೇಕಾಯಿತು. ಉಚ್ಚಂಗಪ್ಪ ನೇರ ಕೂತು ಆ ಇಬ್ಬರ ಕೈಗಳನ್ನು ನೋಡುತ್ತ ಓಡಿಸಿದ. ಅವನ ಬೆನ್ನಿಗೆ ಅಲಗಿನ ಸದ್ದು ಬಡಿಯುತ್ತಿತ್ತು. ಕೂಳೆ ಸುತ್ತಿಕೊಂಡರೆ ಸದ್ದು ದಪ್ಪವಾಗುತ್ತದೆ ಎಂದು ಅವನಿಗೆ ಮೊದಲೂ ಗೊತ್ತಿತ್ತು, ಆಗ ಕಿವಿಗೆ ಇಷ್ಟು ಕೆಲಸ ಇರಲಿಲ್ಲ. ಆದರೂ ಪ್ರತಿ ಪಟ್ಟೆ ಶುರುವಾದಾಗ ಅವನ ಬಲ ಭುಜ ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು. ಕತ್ತು ಬಿಡುತ್ತಿರಲಿಲ್ಲ. ಭುಜ ಮತ್ತೆ ಸ್ವಸ್ಥಾನಕ್ಕೆ ಬರುತ್ತಿತ್ತು.

ಎರಡನೆಯ ದಿನ, ಕೊನೆಯ ಸುತ್ತುಗಳು. ಅವನು ಬಂಗಾರಮ್ಮನ ಕಡೆಗೆ ಬರುತ್ತಿದ್ದ. ಅವಳ ಕೈ ಕೆರೆ ಕಡೆ ಸ್ವಲ್ಪ ಚಾಚಿತ್ತು. ನಿಧಾನವಾಗಿ ಅದು ಕೆಳಗಿಳಿಯಿತು. ಎತ್ತುವ ಸನ್ನೆಯೂ ಅಲ್ಲ, ಇಳಿಸುವ ಸನ್ನೆಯೂ ಅಲ್ಲ. ಅವಳು ಸುಮ್ಮನೆ ನಿಂತಿದ್ದಳು, ದೃಷ್ಟಿ ಅವನನ್ನು ದಾಟಿ ಹಿಂದೆ ಎಲ್ಲೋ. ಅವನು ಗಾಬರಿಯಾಗಿ ರೊಟವೇಟರ್ ಎತ್ತಿ ಎಂಜಿನ್ ನಿಲ್ಲಿಸಿದ.

"ಎಂತ ಆತೇ?"

"ಎಂತೂ ಇಲ್ಲ. ಚೆನಾಗ್ ಬರ್ತಿತ್ತು, ನೋಡ್ತಾ ನಿಂತೆ. ಕೈ ಮರ್ತೇ ಹೋತು."

ಅವನು ಎದುರಿನ ಅಂಚನ್ನೇ ನೋಡುತ್ತ ಕೇಳಿದ. "ಹೆಂಗ್ ಬರ್ತಿತ್ತು?"

"ಚೆನಾಗಿ ಅಂದ್ನಲ."

"ಚೆನಾಗಿ ಅಂದ್ರೆ ಹೆಂಗೆ?"

ಬಂಗಾರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಯೋಚಿಸಿದಳು. ಮದುವೆಯಾದಾಗಿನಿಂದ ಇದೇ ಗದ್ದೆಗೆ ಬುತ್ತಿ ತಂದವಳು, ಸಸಿ ನೆಟ್ಟವಳು. ಗಾಡಿಯ ಹಿಂದೆ ಹೀಗೆ ನೋಡುತ್ತ ನಿಂತದ್ದು ಇದೇ ಮೊದಲು. "ಬೆಲ್ಲ ಹಾಕಿ ಹಾಲ್ಬಾಯಿ ಕಾಸಿ ತಟ್ಟೆಗೆ ಹುಯ್ತೀವಲ್ರಿ, ಹುಯ್ದ ಕೂಡ್ಲೆ. ಇನ್ನೂ ಗಟ್ಟಿ ಆಗಿರಲ್ಲ, ಮೇಲೆಲ್ಲ ಒಂದ್ ಸುತ್ತು ಸುತ್ತಿ ತಾನೇ ಸಮ ಆತದೆ. ಹಂಗೆ. ಬಣ್ಣ ಮಾತ್ರ ಅದಕ್ಕಿಂತ ಕಪ್ಪು."

ಉಚ್ಚಂಗಪ್ಪ ಕಣ್ಣು ಮುಚ್ಚಿ ಕೇಳಿಸಿಕೊಂಡ. ತೆರೆದ ಮೇಲೂ ಏನೋ ಸಾಲದವನಂತೆ ಕಾಯುತ್ತಿದ್ದ.

"ಗಾಲಿ ಗುರುತು?"

"ಒಂದೂ ಇಲ್ಲ."

"ಅಂಚಿನ ಹತ್ರ?"

"ಅಂಚಿನ ಹತ್ರ ಗಟ್ಟಿ ಉಳ್ದದೆ. ಇನ್ನೊಂದ್ ಸುತ್ತು ಬೇಕು."

ಅವನು ಎಂಜಿನ್ ಶುರು ಮಾಡಿದ. ಅವಳು ಎರಡು ಹೆಜ್ಜೆ ಓರೆಗೆ ಸರಿದು ಕೈ ಎತ್ತಿದಳು.